ಹಿತ್ತಲ ಪೇರಲ ಕೊಂಬೆಯನ್ನು ಅಕ್ವೇರಿಯಂಗೆ ಹಾಕಬಹುದೇ?

ಪ್ರಶ್ನೆ: ನಾವು ಧಾರವಾಡದವರು. ಮನೆಯಲ್ಲಿ ಮೂರು ಅಡಿ ಉದ್ದದ ಅಕ್ವೇರಿಯಂ ಇದೆ. ಹನ್ನೆರಡು ನಿಯಾನ್ ಟೆಟ್ರಾ, ನಾಲ್ಕು ಕೋರಿಡೋರಸ್ ಮೀನು, ಒಂದಿಷ್ಟು ಗಿಡ ಇವೆ. ಹಿತ್ತಲಿನ ಪೇರಲ ಗಿಡ ಸವರಿದಾಗ ಮಣಿಕಟ್ಟಿನಷ್ಟು ದಪ್ಪದ, ಚೆಂದ ತಿರುಚಿದ ಕೊಂಬೆ ಸಿಕ್ಕಿತು. ಎರಡು ಸಲ ಚೆನ್ನಾಗಿ ಕುದಿಸಿ, ನಾಲ್ಕನೇ ದಿನ ನೀರಿಗೆ ಇಳಿಸಿದೆ. ಒಂದು ವಾರದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಕೊಂಬೆಯ ಮೇಲೆ ಬಿಳಿ ಲೋಳೆ ಬಂತು. ಆಮೇಲೆ ನೀರು ಮಬ್ಬಾಯಿತು. ಈಗ ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಎರಡು ಟೆಟ್ರಾ ಸತ್ತವು. ಪೇರಲ ಮೀನಿಗೆ ವಿಷವೇ? ಮತ್ತೊಮ್ಮೆ ಕುದಿಸಿದರೆ ಸರಿಹೋಗುತ್ತದಾ? ಅಂಗಡಿಯ ಕಟ್ಟಿಗೆ ತುಂಬಾ ದುಬಾರಿ. ನಮ್ಮೂರಲ್ಲಿ ಸಿಗುವ ಬೇರೆ ಯಾವ ಮರ ಆಗುತ್ತದೆ?

ಉತ್ತರ: ಮೊದಲು ಕೊಂಬೆಯನ್ನು ಹೊರಗೆ ತೆಗೆಯಿರಿ. ಇದನ್ನು ಓದಿ ಮುಗಿಸುವ ಮುಂಚೆಯೇ ತೆಗೆದರೂ ನನಗೆ ಬೇಸರವಿಲ್ಲ.

ತೆಗೆದ ಮೇಲೆ ಮೂರನೇ ಒಂದು ಭಾಗ ನೀರು ಬದಲಿಸಿ. ನಾಳೆ ಮತ್ತೆ ಅಷ್ಟೇ ಬದಲಿಸಿ. ಒಂದೇ ಸಲ ಪೂರ್ತಿ ನೀರು ಚೆಲ್ಲಬೇಡಿ, ಆ ಏಟಿಗೇ ಉಳಿದ ಟೆಟ್ರಾ ಸುಸ್ತಾಗುತ್ತವೆ. ಹೊಸ ನೀರಿನ ಬಿಸಿ ಹಳೆಯ ನೀರಿನಷ್ಟೇ ಇರಲಿ. ಅದು ನಳದಿಂದ ಆಗಷ್ಟೇ ಬಂದ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ. ಏರ್ ಪಂಪ್ ಹಗಲು ರಾತ್ರಿ ಓಡಲಿ. ಸದ್ದು ಅಂತ ರಾತ್ರಿ ಆಫ್ ಮಾಡುವ ರೂಢಿ ಇದ್ದರೆ ಈಗಲಂತೂ ಬೇಡ. ಎರಡು ದಿನ ಊಟ ಹಾಕಬೇಡಿ, ಮೀನು ಉಪವಾಸದಿಂದ ಸಾಯುವುದಿಲ್ಲ. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿದು ತೊಳೆಯಲೂ ಬೇಡಿ. ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಈಗ ನಿಮಗೆ ಬೇಕು.

ಇನ್ನು ಪ್ರಶ್ನೆಗೆ ಬರೋಣ. ಪೇರಲ ವಿಷ ಅಲ್ಲವೇ ಅಲ್ಲ. ಅಕ್ವೇರಿಯಂಗೆ ನಮ್ಮ ಸೀಮೆಯಲ್ಲಿ ಸಿಗುವ ಕಟ್ಟಿಗೆಗಳಲ್ಲಿ ನಾನು ಮೊದಲು ಹೇಳುವ ಹೆಸರೇ ಪೇರಲ. ಗಟ್ಟಿ ಮರ, ಬೇಗ ಕೊಳೆಯುವುದಿಲ್ಲ. ತೊಗಟೆ ತೆಳುವಾಗಿ ತಾನೇ ಸುಲಿಯುತ್ತದೆ. ಕೊಂಬೆಗಳು ನೆಟ್ಟಗೆ ಬೆಳೆಯದೆ ಹೇಗೆ ಬೇಕೋ ಹಾಗೆ ತಿರುಗುತ್ತವೆ, ಅದೇ ನಮಗೆ ಬೇಕಾದ ಚೆಂದ. ನೀವು ಆರಿಸಿದ ಮರ ಸರಿಯಾಗಿಯೇ ಇದೆ. ಆದರೆ ನೀವು ನೀರಿಗೆ ಇಳಿಸಿದಾಗ ಆ ಕೊಂಬೆ ಇನ್ನೂ ಹಸಿಯಾಗಿತ್ತು.

ಹಸಿ ಕೊಂಬೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಆ ನೀರಿನಲ್ಲಿ ಸಕ್ಕರೆ ಇದೆ, ಮರದ ಜೀವಕೋಶಗಳಲ್ಲಿ ಹಿಟ್ಟು, ಅಂದರೆ ಪಿಷ್ಟ ಇದೆ. ಗಿಡ ತನಗಾಗಿ ಕೂಡಿಟ್ಟ ಬುತ್ತಿ ಅದು. ಕೊಂಬೆ ಅಕ್ವೇರಿಯಂನಲ್ಲಿ ಕೂತಾಗ ಈ ಬುತ್ತಿ ಸೋರಿ ನೀರಿಗೆ ಬರುತ್ತದೆ. ಬ್ಯಾಕ್ಟೀರಿಯಾಗೆ ಹಬ್ಬ. ಎರಡು ಮೂರು ದಿನದಲ್ಲಿ ಎಷ್ಟು ಹೆಚ್ಚುತ್ತವೆ ಎಂದರೆ ನೀರೇ ಮಬ್ಬಾಗಿ ಕಾಣುತ್ತದೆ. ನೀವು ನೋಡಿದ್ದು ಅದನ್ನೇ. ಅವೂ ಉಸಿರಾಡಬೇಕಲ್ವಾ? ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅವೇ ಖಾಲಿ ಮಾಡುತ್ತವೆ. ರಾತ್ರಿ ಬೆಳಕಿಲ್ಲದಾಗ ಗಿಡಗಳೂ ಆಮ್ಲಜನಕ ತೆಗೆದುಕೊಳ್ಳುತ್ತವೆ, ಕೊಡುವುದಿಲ್ಲ. ಅದಕ್ಕೇ ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬೇಸಿಗೆಯಲ್ಲಿ ಇದು ಇನ್ನೂ ಕೆಟ್ಟದು. 25 ಡಿಗ್ರಿ ಬಿಸಿಯ ನೀರು ಒಂದು ಲೀಟರಿಗೆ ಹೆಚ್ಚೆಂದರೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. 30 ಡಿಗ್ರಿಯಲ್ಲಿ ಅದು 7.5ರ ಹತ್ತಿರಕ್ಕೆ ಇಳಿಯುತ್ತದೆ. ಇದು ಸಮುದ್ರಮಟ್ಟದ ಲೆಕ್ಕ. ನಮ್ಮ ಧಾರವಾಡ ಎತ್ತರದಲ್ಲಿದೆ, ಇಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಹಾಗಾದರೆ ಕುದಿಸಿದ್ದು ಏನಾಯಿತು? ಕುದಿಸಿದರೆ ಹುಳ, ಹುಳದ ಮೊಟ್ಟೆ, ಮೇಲಿನ ಬೂಷ್ಟು ಸಾಯುತ್ತವೆ. ಬಣ್ಣ ಒಂದಿಷ್ಟು ಇಳಿಯುತ್ತದೆ. ಆದರೆ ಮಣಿಕಟ್ಟಿನಷ್ಟು ದಪ್ಪದ ಕೊಂಬೆಯ ಒಳಗಿನ ರಸ ಒಂದೆರಡು ತಾಸಿನ ಕುದಿಗೆ ಹೊರಗೆ ಬರುವುದಿಲ್ಲ. ಹತ್ತು ಸಲ ಕುದಿಸಿದರೂ ಕಟ್ಟಿಗೆ ಮೆತ್ತಗಾಗುತ್ತದೆ ಹೊರತು ಒಣಗುವುದಿಲ್ಲ. ಅಂತರ್ಜಾಲದಲ್ಲಿ ಎಲ್ಲರೂ ಕುದಿಸಿ, ಕುದಿಸಿ ಅಂತಾರೆ. ಅವರು ಹೇಳುವುದು ಒಣಗಿದ ಕಟ್ಟಿಗೆಯ ಮಾತು. ಆ ಒಂದು ಶಬ್ದ ಬಿಟ್ಟುಹೋಗಿರುತ್ತದೆ ಅಷ್ಟೇ.

ಆದ್ದರಿಂದ ಒಣಗಿಸುವುದರ ಬಗ್ಗೆಯೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಬಡಗಿಗಳಲ್ಲಿ ಒಂದು ಲೆಕ್ಕ ಇದೆ. ಒಂದು ಅಂಗುಲ ದಪ್ಪದ ಹಲಗೆ ಗಾಳಿಗೆ ಒಣಗಲು ಒಂದು ವರ್ಷ. ನಮಗೆ ಪೀಠೋಪಕರಣದ ನಾಜೂಕು ಬೇಡ, ಅಷ್ಟು ಕಾಯಬೇಕಿಲ್ಲ. ಬೆರಳಿನಷ್ಟು ದಪ್ಪದ ರೆಂಬೆಗೆ ಎರಡು ಮೂರು ತಿಂಗಳು ಸಾಕು. ನಿಮ್ಮ ಕೊಂಬೆಗೆ ಎಂಟು ಹತ್ತು ತಿಂಗಳು ಬೇಕು. ಮಳೆಗಾಲದ ತಿಂಗಳುಗಳನ್ನು ನಾನು ಅರ್ಧ ಅಂತಲೇ ಹಿಡಿಯುತ್ತೇನೆ. ಧಾರವಾಡದ ಜುಲೈ, ಆಗಸ್ಟ್‌ನಲ್ಲಿ ಅಂಗಿಯೇ ಒಣಗುವುದಿಲ್ಲ, ಕಟ್ಟಿಗೆ ಎಲ್ಲಿ ಒಣಗಬೇಕು? ಹುಬ್ಬಳ್ಳಿಯಿಂದ ಆಚೆ ಗದಗಿನ ಕಡೆ ಹೋದರೆ ಈ ವಿಷಯದಲ್ಲಿ ಅವರು ಪುಣ್ಯವಂತರು.

ಇಡುವ ಜಾಗ ನೆರಳಾಗಿರಬೇಕು, ಗಾಳಿ ಆಡಬೇಕು. ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಎಸೆದರೆ ಬೇಗ ಒಣಗುತ್ತದಲ್ಲ ಅಂತ ನಿಮಗೆ ಅನ್ನಿಸಬಹುದು. ಮೇಲ್ಮೈ ಬೇಗ ಒಣಗಿ ಸೀಳುತ್ತದೆ, ಒಳಗೆ ಹಸಿ ಹಾಗೇ ಉಳಿಯುತ್ತದೆ. ಇನ್ನೊಂದು ಕಾರಣವೂ ಇದೆ, ಅದು ನನಗೆ ಬಹಳ ಇಷ್ಟದ ಸಂಗತಿ. ಕಡಿದ ಕೂಡಲೇ ಕೊಂಬೆ ಸಾಯುವುದಿಲ್ಲ. ಒಳಗಿನ ಕೆಲವು ಜೀವಕೋಶಗಳು ಇನ್ನೂ ಕೆಲವು ವಾರ ಬದುಕಿರುತ್ತವೆ. ಬದುಕಿರುವಷ್ಟು ದಿನ ಕೂಡಿಟ್ಟ ಹಿಟ್ಟನ್ನು ತಾವೇ ತಿನ್ನುತ್ತವೆ. ನೆರಳಲ್ಲಿ ನಿಧಾನವಾಗಿ ಒಣಗಿದ ಕೊಂಬೆಯಲ್ಲಿ ಬುತ್ತಿ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಒಲೆಯಲ್ಲೋ ಸುಡುಬಿಸಿಲಲ್ಲೋ ಅವಸರದಲ್ಲಿ ಒಣಗಿಸಿದರೆ ಆ ಕೋಶಗಳು ಮೊದಲೇ ಸತ್ತು, ಬುತ್ತಿ ಮುಚ್ಚಿಟ್ಟ ಹಾಗೇ ಉಳಿಯುತ್ತದೆ. ನೀರಿಗೆ ಹಾಕಿದಾಗ ಮತ್ತೆ ಅದೇ ಕಥೆ.

ನೆಲದ ಮೇಲೆ ಇಡಬೇಡಿ. ಗೆದ್ದಲು ಬರುತ್ತದೆ. ಎರಡು ಇಟ್ಟಿಗೆ ಇಟ್ಟು ಅದರ ಮೇಲೆ ಇಡಿ. ಗೆದ್ದಲು ಬಂತು ಅಂತ ಔಷಧಿಯನ್ನಂತೂ ಹೊಡೆಯಲೇಬೇಡಿ. ಒಣಗುವಾಗ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದು ಕೊರೆಹುಳ. ಹೆದರಬೇಡಿ, ಆಮೇಲೆ ಕುದಿಸುವಾಗ ಸಾಯುತ್ತದೆ.

ಒಣಗಿತು ಅಂತ ಹೇಗೆ ಗೊತ್ತಾಗುತ್ತದೆ? ಅಡುಗೆಮನೆಯ ತಕ್ಕಡಿ ತನ್ನಿ. ತಿಂಗಳಿಗೊಮ್ಮೆ ತೂಗಿ, ತೂಕವನ್ನು ಕೊಂಬೆಗೆ ಕಟ್ಟಿದ ಚೀಟಿಯ ಮೇಲೆ ಬರೆಯಿರಿ. ಎರಡು ತಿಂಗಳು ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ. ತಕ್ಕಡಿ ಇಲ್ಲದಿದ್ದರೆ ಒಂದು ಚಿಕ್ಕ ರೆಂಬೆ ಮುರಿದು ನೋಡಿ. ಟಕ್ ಅಂತ ಮುರಿಯಬೇಕು. ಬಾಗಿ ನಾರು ಬಿಟ್ಟರೆ ಇನ್ನೂ ಹಸಿ. ಎರಡು ಒಣ ಕಟ್ಟಿಗೆ ಬಡಿದಾಗ ಬರುವ ಟಣ್ ಸದ್ದು ನಿಮಗೆ ಗೊತ್ತೇ ಇರುತ್ತದೆ. ನೀರೊಲೆಗೆ ಕಟ್ಟಿಗೆ ಆರಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಒಣಗಿದ ಮೇಲಿನ ಕೆಲಸ ಎರಡು ರವಿವಾರದ್ದು. ತೊಗಟೆ ಪೂರ್ತಿ ತೆಗೆಯಿರಿ. ನೀವು ತೊಗಟೆ ಸಮೇತ ಕುದಿಸಿದಿರೋ ಏನೋ, ಬರೆದಿಲ್ಲ. ತೊಗಟೆ ನೀರಲ್ಲಿ ಮೊದಲು ಕೊಳೆಯುತ್ತದೆ, ಚೂರು ಚೂರಾಗಿ ಫಿಲ್ಟರಿಗೆ ಹೋಗುತ್ತದೆ. ಒಣ ತೊಗಟೆ ಬಿಡದಿದ್ದರೆ ಒಂದು ರಾತ್ರಿ ನೆನೆಸಿ, ಮೊಂಡು ಚಾಕುವಿನಿಂದ ಕೆರೆಯಿರಿ. ಮೆತ್ತಗಾದ, ಟೊಳ್ಳಾದ ಭಾಗ ಇದ್ದರೆ ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ಬಿಸಾಕಿ. ಮೊಳೆ, ತಂತಿ ಸಿಕ್ಕಿಕೊಂಡಿದೆಯಾ ನೋಡಿ. ಗಟ್ಟಿ ಬ್ರಷ್‌ನಿಂದ ಬರೀ ನೀರಲ್ಲಿ ತಿಕ್ಕಿ. ಸೋಪು, ಪಾತ್ರೆ ತೊಳೆಯುವ ದ್ರವ, ಫಿನೈಲ್ ಯಾವುದೂ ಬೇಡ. ಕಟ್ಟಿಗೆ ಹೀರಿಕೊಂಡದ್ದನ್ನು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತದೆ. ಬ್ಲೀಚ್ ಹಾಕಿ ಅಂತ ಹೇಳುವವರಿದ್ದಾರೆ. ನಾನು ಅದೇ ಕಾರಣಕ್ಕೆ ಬೇಡ ಅನ್ನುತ್ತೇನೆ.

ಈಗ ಕುದಿಸಿ. ಒಂದು ತಾಸು ಕುದಿಸಿ ನೀರು ಚೆಲ್ಲಿ, ಮತ್ತೆ ಒಂದು ತಾಸು. ಅಷ್ಟು ಸಾಕು. ಪ್ರೆಷರ್ ಕುಕ್ಕರ್ ಬಳಸಬೇಡಿ, ತೊಗಟೆಯ ಚೂರು ಸೀಟಿಯ ತೂತಿಗೆ ಸಿಕ್ಕಿಕೊಂಡರೆ ಅಪಾಯ. ಓವನ್ ಕೂಡ ಬೇಡ, ಕಟ್ಟಿಗೆಗೆ ಬೆಂಕಿ ಹತ್ತಬಹುದು. ಪಾತ್ರೆಯಲ್ಲಿ ಹಿಡಿಯದಷ್ಟು ದೊಡ್ಡದಾದರೆ ಕುದಿವ ನೀರು ಸುರಿದು ಸುರಿದು ತೊಳೆದು, ನೆನೆಸುವ ದಿನ ಹೆಚ್ಚು ಮಾಡಿ.

ಪಾತ್ರೆಯ ಬಗ್ಗೆ ಒಂದು ಮಾತು. ನಾನೇ ಒಮ್ಮೆ ಮಾಡಿದ ಎಡವಟ್ಟು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ದೊಡ್ಡ ತಾಮ್ರದ ಹಂಡೆ ಇತ್ತು. ಚೆನ್ನಾಗಿ ಒಣಗಿದ ಉದ್ದನೆಯ ಕೊಂಬೆ ಅದರಲ್ಲಿ ಸರಿಯಾಗಿ ಕೂತಿತು. ಅರ್ಧ ದಿನ ಕುದಿಸಿದೆ. ನೀರು ಚೆಲ್ಲಿದಾಗ ಹಂಡೆಯ ಒಳಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಥಳಥಳ ಹೊಳೆಯುತ್ತಿತ್ತು. ಪುಕ್ಕಟೆಯಾಗಿ ಹಂಡೆಯೂ ಸ್ವಚ್ಛವಾಯಿತು ಅಂತ ಖುಷಿಪಟ್ಟೆ. ಮೂರನೇ ದಿನಕ್ಕೆ ನನ್ನ ಸೀಗಡಿಗಳೆಲ್ಲ ಸತ್ತವು. ಆಮೇಲೆ ತಲೆಗೆ ಹೊಳೆಯಿತು. ಕಟ್ಟಿಗೆಯ ಒಗರಿನಲ್ಲಿ ಆಮ್ಲ ಇದೆ. ಹಂಡೆಯ ಕಿಲುಬನ್ನು ಅದು ಕರಗಿಸಿತ್ತು, ಕರಗಿದ ತಾಮ್ರವನ್ನು ಕಟ್ಟಿಗೆ ಕುಡಿದಿತ್ತು. ಸೀಗಡಿ, ಬಸವನಹುಳಕ್ಕೆ ತಾಮ್ರ ಬಹಳ ಸ್ವಲ್ಪ ಇದ್ದರೂ ವಿಷ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಅದನ್ನು ಅಡುಗೆಗೆ ಮತ್ತೆ ಬಳಸದೆ ಇದಕ್ಕೇ ಮೀಸಲಿಡಿ.

ಕುದಿಸಿದ ಮೇಲೆ ಬಕೆಟ್ ನೀರಲ್ಲಿ ಎರಡರಿಂದ ನಾಲ್ಕು ವಾರ ನೆನೆಯಲಿ. ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ತೇಲುತ್ತದೆ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಹಳೆಯ ನೀರನ್ನು ಗಿಡಕ್ಕೆ ಹಾಕಿ. ನಳಕ್ಕೆ ಯಾವಾಗ ನೀರು ಬರುತ್ತದೋ ಅಂತ ಕಾಯುವ ನಮ್ಮ ಅವಳಿನಗರದಲ್ಲಿ ನೀರು ಚೆಲ್ಲಿ ಅಂತ ಬರೆಯಲು ಕೈ ಬರುವುದಿಲ್ಲ. ಪ್ರತಿ ಸಲ ಬಕೆಟ್ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಅಥವಾ ಚಹಾದಂಥ ವಾಸನೆ ಒಳ್ಳೆಯದು. ಹುಳಿ, ಹೆಂಡದ ವಾಸನೆ ಬಂದರೆ ಒಳಗೆ ಇನ್ನೂ ಸಕ್ಕರೆ ಇದೆ, ವಾಸನೆ ಹೋಗುವವರೆಗೂ ನೆನೆಸುತ್ತಾ ಇರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಕಟ್ಟಿಗೆಯ ಆಸೆ ಬಿಡಿ.

ಇಷ್ಟೆಲ್ಲ ಮಾಡಿ ಒಳಗಿಟ್ಟ ಮೇಲೂ ಬಿಳಿ ಲೋಳೆ ಬರಬಹುದು! ಹೊಸ ಕಟ್ಟಿಗೆಗೆ ಅದು ಸಹಜ. ಬೂಷ್ಟು ಮತ್ತು ಬ್ಯಾಕ್ಟೀರಿಯಾ ಸೇರಿ ಕಟ್ಟಿದ ಪದರ ಅದು. ಎರಡು ನಾಲ್ಕು ವಾರದಲ್ಲಿ ತಾನೇ ಹೋಗುತ್ತದೆ. ಸೀಗಡಿ, ಬಸವನಹುಳ ಅದನ್ನು ಇಷ್ಟಪಟ್ಟು ತಿನ್ನುತ್ತವೆ. ನೋಡಲು ಆಗದಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ನಿಮ್ಮಲ್ಲಿ ಲೋಳೆಯ ಜೊತೆಗೆ ನೀರು ಮಬ್ಬಾಯಿತು, ಮೀನು ಮೇಲೆ ಬಂದವು. ನಾನು ಹೆದರಿದ್ದು ಅವೆರಡಕ್ಕೆ.

ಚಹಾದ ಬಣ್ಣಕ್ಕೂ ಹೆದರಬೇಕಿಲ್ಲ. ಅದು ಒಗರು, ಅಂದರೆ ಟ್ಯಾನಿನ್. ನಿಮ್ಮ ನಿಯಾನ್ ಟೆಟ್ರಾಗಳ ಮೂಲ ಅಮೆಜಾನ್ ಸೀಮೆ. ಅಲ್ಲಿನ ಎಷ್ಟೋ ಹೊಳೆಗಳು ಎಲೆ, ಕಟ್ಟಿಗೆ ನೆನೆದು ಇದೇ ಬಣ್ಣದಲ್ಲಿ ಹರಿಯುತ್ತವೆ. ಟ್ಯಾನಿನ್ ನೀರನ್ನು ಸ್ವಲ್ಪ ಆಮ್ಲದ ಕಡೆ ಎಳೆಯುತ್ತದೆ ಅನ್ನುತ್ತಾರೆ. ಮಲಪ್ರಭೆಯ ನೀರೋ ಮಳೆನೀರೋ ಆದರೆ ಸ್ವಲ್ಪ ಕಂಡೀತು. ಗಡಸು ಬೋರ್ ನೀರಾದರೆ ಒಂದು ಕೊಂಬೆಯಿಂದ ಪಿಎಚ್, ಅಂದರೆ ಆಮ್ಲದ ಅಳತೆ, ಅಲುಗುವುದೂ ಇಲ್ಲ. ಬಣ್ಣ ಬೇಡವೆಂದರೆ ಫಿಲ್ಟರಿನಲ್ಲಿ ಒಂದು ಹಿಡಿ ಆಕ್ಟಿವೇಟೆಡ್ ಕಾರ್ಬನ್ ಹಾಕಿ.

ಬೇರೆ ಯಾವ ಮರ ಅಂತ ಕೇಳಿದ್ದೀರಿ. ಆಗದ್ದನ್ನು ಮೊದಲು ಹೇಳುತ್ತೇನೆ, ಅದು ಜೀವದ ಪ್ರಶ್ನೆ. ಕಣಗಿಲ ಬೇಡವೇ ಬೇಡ. ಬಿಳಿ, ಕೆಂಪು, ಹಳದಿ ಯಾವುದೂ. ಅದರ ವಿಷ ಹೃದಯಕ್ಕೇ ಹೋಗುತ್ತದೆ, ಮೀನಿಗಷ್ಟೇ ಅಲ್ಲ, ನಮಗೂ. ಎಕ್ಕ, ಕಳ್ಳಿ ಬೇಡ. ಕಡಿದಾಗ ಹಾಲು ಬರುವ ಯಾವುದೇ ಗಿಡ ಬೇಡ ಅಂತ ನೆನಪಿಟ್ಟರೆ ಸುಲಭ. ಚಿಕ್ಕು, ಅತ್ತಿ, ಆಲ ಇದರಲ್ಲೇ ಬಂದವು. ಬೇವಿನ ಕಡ್ಡಿಯಿಂದ ನಾವು ಹಲ್ಲು ತಿಕ್ಕುತ್ತೇವೆ, ಔಷಧಿ ಗಿಡ ಅಂತ ಕೈ ಮುಗಿಯುತ್ತೇವೆ. ಆದರೆ ಹುಳ ಸಾಯಿಸಲು ಬಳಸುವುದೂ ಬೇವನ್ನೇ. ಸೀಗಡಿ ಅದರ ದೃಷ್ಟಿಯಲ್ಲಿ ಹುಳವೇ. ಹೊಂಗೆ, ಅಂಟುವಾಳ, ಕಾರೆ ಕೂಡ ದೂರ ಇರಲಿ. ಕಾರೆಕಾಯಿ ಜಜ್ಜಿ ಹೊಳೆಯ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದ ಕಾಲ ಮಲೆನಾಡಿನ ಅಂಚಿನಲ್ಲಿ ಹಿರಿಯರಿಗೆ ನೆನಪಿದ್ದೀತು. ಅದರಲ್ಲಿರುವ ನೊರೆ ಬರುವ ವಸ್ತು ಮೀನಿನ ಕಿವಿರನ್ನು ಕೆಡಿಸುತ್ತದೆ. ನೀಲಗಿರಿಯಲ್ಲಿ ಎಣ್ಣೆ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್‌ನಲ್ಲಿ ಅಂಟು. ಮಾವು ನಮ್ಮಲ್ಲಿ ಧಾರಾಳ. ಸೊನೆ ಪೂರ್ತಿ ಒಣಗಿದರೆ ತಕ್ಷಣದ ತೊಂದರೆ ಕಾಣದಿರಬಹುದು, ಆದರೆ ಮೆತ್ತನೆಯ ಮರ, ಬೇಗ ಕೊಳೆತು ಸುಲಿಯುತ್ತದೆ. ಅಷ್ಟು ಕಷ್ಟಪಟ್ಟು ಒಣಗಿಸಿದ್ದಕ್ಕೆ ಬೆಲೆ ಇರುವುದಿಲ್ಲ.

ಆಗುವವು ಪೇರಲ ಬಿಟ್ಟರೆ ನೇರಳೆ, ನೆಲ್ಲಿ. ಎರಡೂ ನೀರಲ್ಲಿ ತಡೆಯುವ ಮರ. ನೀರು ತಿಳಿಯಾಗಲಿ ಅಂತ ಬಾವಿಗೆ ನೆಲ್ಲಿ ಕಟ್ಟಿಗೆ ಹಾಕುವ ರೂಢಿ ನಮ್ಮಲ್ಲಿ ಹಳೆಯದು. ನೆಲ್ಲಿಯಲ್ಲಿ ಒಗರು ಜಾಸ್ತಿ, ನೆನೆಸುವ ದಿನ ಹೆಚ್ಚಿರಲಿ. ಹೆಸರು ಗೊತ್ತಿಲ್ಲದ ಕೊಂಬೆ ಎಷ್ಟೇ ಚೆಂದ ಇದ್ದರೂ ಬಿಡಿ. ಅಡ್ಡಮಳೆಗೆ ರಸ್ತೆಯಲ್ಲಿ ಬಿದ್ದ ಕೊಂಬೆ ಕಂಡರೆ ಆಸೆಯಾಗುತ್ತದೆ, ನನಗೂ ಆಗುತ್ತದೆ. ಎಲೆ ನೋಡಿ ಮರ ಗುರುತಿಸಲು ಆಗದಿದ್ದರೆ ಮುಂದೆ ನಡೆಯಿರಿ.

ಮರ ಸರಿಯಿದ್ದರೂ ಅದಕ್ಕೆ ಏನು ಹೊಡೆದಿದ್ದಾರೆ ಅನ್ನುವುದು ಮುಖ್ಯ. ನವಲೂರಿನ ಪೇರಲ ತೋಟಗಳಲ್ಲಿ ಗಿಡ ಸವರಿದಾಗ ಕೇಳಿದರೆ ಕೊಂಬೆ ಸಿಕ್ಕೀತು. ಆದರೆ ಯಾವ ಔಷಧಿ, ಎಷ್ಟು ದಿನದ ಹಿಂದೆ ಅಂತ ಕೇಳದೆ ತರಬೇಡಿ. ದ್ರಾಕ್ಷಿ ಬಳ್ಳಿಯ ಬುಡ ನೋಡಲು ಬಲು ಚೆಂದ. ಅದಕ್ಕೆ ಮೈಲುತುತ್ತದ ದ್ರಾವಣ ಹೊಡೆಯುತ್ತಾರೆ, ಅದು ತಾಮ್ರವೇ. ನನ್ನ ಹಂಡೆಯ ಕಥೆ ನೆನಪಿಸಿಕೊಳ್ಳಿ. ಉಣಕಲ್ ಕೆರೆ, ಕೆಲಗೇರಿ ಕೆರೆ ದಂಡೆಯಲ್ಲಿ ಸಿಗುವ ಕಟ್ಟಿಗೆಯನ್ನು ನೀರಲ್ಲೇ ನೆನೆದಿದೆಯಲ್ಲ ಅಂತ ತರುವವರಿದ್ದಾರೆ. ಊರ ಕೆರೆಗೆ ಏನೇನು ಹರಿದು ಬರುತ್ತದೆ ಅಂತ ನಿಮಗೇ ಗೊತ್ತು. ದಾಂಡೇಲಿ ಕಡೆ ಪ್ರವಾಸ ಹೋದವರು ಕಾಡಿನ ಕಟ್ಟಿಗೆಯನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬರುವುದೂ ಬೇಡ. ಒಣಗಿ ಬಿದ್ದದ್ದಾದರೂ ಅನುಮತಿ ಇಲ್ಲದೆ ತಂದರೆ ಅರಣ್ಯ ಕಾನೂನಿನಲ್ಲಿ ತಪ್ಪು.

ಕೂರಿಸುವಾಗ ಎರಡು ಎಚ್ಚರಿಕೆ. ಕಟ್ಟಿಗೆಯನ್ನು ಎರಡು ಗಾಜಿನ ನಡುವೆ ಬಿಗಿಯಾಗಿ ಸಿಕ್ಕಿಸಬೇಡಿ. ನೀರು ಕುಡಿದು ಹಿಗ್ಗಿದಾಗ ಗಾಜು ಒಡೆಯುತ್ತದೆ. ಒಂದು ಬೆರಳು ಸಂದು ಇರಲಿ. ಇನ್ನು ತೇಲುವ ಕಟ್ಟಿಗೆಯ ಕೆಳಗೆ ಚಪ್ಪಟೆ ಕಲ್ಲು ಇಟ್ಟು ಸ್ಟೇನ್‌ಲೆಸ್ ಸ್ಕ್ರೂ ಹಾಕುತ್ತೇವೆ. ನಮ್ಮ ಕಡೆ ಮನೆ ಮನೆಗೂ ಶಹಾಬಾದ್ ಫರಶಿಯ ತುಂಡು ಬಿದ್ದಿರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಶಹಾಬಾದ್ ಆಗಲಿ ಕಡಪ ಆಗಲಿ ಸುಣ್ಣದ ಕಲ್ಲು. ನಿಧಾನಕ್ಕೆ ಕರಗಿ ನೀರನ್ನು ಗಡಸು ಮಾಡುತ್ತದೆ, ಟೆಟ್ರಾಗಳಿಗೆ ಅದು ಆಗದು. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ಗುಳ್ಳೆ ಎದ್ದರೆ ಬಿಡಿ. ಗ್ರಾನೈಟ್ ತುಂಡು ನಡೆಯುತ್ತದೆ, ಅಡುಗೆಕಟ್ಟೆ ಮಾಡುವವರ ಹತ್ತಿರ ಚೂರು ಸಿಗುತ್ತದೆ.

ನಿಮ್ಮ ಈಗಿನ ಕೊಂಬೆಯನ್ನು ಬಿಸಾಕಬೇಡಿ. ತೊಗಟೆ ಉಳಿದಿದ್ದರೆ ತೆಗೆದು, ತೊಳೆದು, ಇಟ್ಟಿಗೆಯ ಮೇಲೆ ನೆರಳಲ್ಲಿ ಇಡಿ. ಇವತ್ತಿನ ತೂಕ ಬರೆದಿಡಿ. ಕುದಿಸಿದ್ದರಿಂದ ಒಳಗಿನ ಕೋಶಗಳು ಸತ್ತಿವೆ, ಬುತ್ತಿ ತಾನಾಗಿ ಖಾಲಿಯಾಗುವುದಿಲ್ಲ. ಹಾಗಾಗಿ ಇದಕ್ಕೆ ಮಾತ್ರ ಒಣಗಿದ ಮೇಲೆ ಬಕೆಟ್‌ನಲ್ಲಿ ಎರಡು ತಿಂಗಳು ನೆನೆಸಿ, ವಾಸನೆ ನೋಡಿಯೇ ಮುಂದುವರಿಯಿರಿ.

ಅಲ್ಲಿಯವರೆಗೆ ಟೆಟ್ರಾಗಳಿಗೆ ಆ ಚಹಾದ ಬಣ್ಣ ಬೇಕು ಅನ್ನಿಸಿದರೆ ಬಾದಾಮಿ ಮರದ ಎಲೆ ಹಾಕಿ. ಶಾಲೆಯ ಅಂಗಳದಲ್ಲಿ, ಕಾಲನಿಯ ಕಂಪೌಂಡಿನಲ್ಲಿ ಛತ್ರಿಯಂತೆ ಹರಡಿ ನಿಂತಿರುತ್ತದಲ್ಲ, ಅದೇ ಮರ. ತಾನಾಗಿ ಉದುರಿ, ಕಂದು ಬಣ್ಣಕ್ಕೆ ಒಣಗಿದ ಎಲೆಯನ್ನು ಮಾತ್ರ ಆರಿಸಿ. ಹಸಿರೆಲೆ ಕೀಳಬೇಡಿ. ತೊಳೆದು ಹಾಕಿ. ನಿಮ್ಮ ಮೂರು ಅಡಿಯ ಅಕ್ವೇರಿಯಂಗೆ ಎರಡು ಎಲೆ ಸಾಕು, ಚಿಂದಿಯಾದ ಮೇಲೆ ತೆಗೆದು ಹೊಸದು ಹಾಕಿ. ಆದರೆ ನೀರು ತಿಳಿಯಾಗಿ, ಮೀನು ಬೆಳಿಗ್ಗೆ ಮೇಲೆ ಬರುವುದು ನಿಂತ ಮೇಲೆ.